ಇಪ್ಪತ್ತೆಂಟೂವರೆ ನಿಮಿಷ

ಭದ್ರಾವತಿ ಆಕಾಶವಾಣಿಯ ಎರಡನೇ ಸ್ಟುಡಿಯೋದಲ್ಲಿ
ಗುರುಗ್ರಹದ ಚಂದ್ರನೊಂದರ ಹಿಮದಡಿಯ ಕಡಲು
ಪ್ಲಾಸ್ಟಿಕ್ ಬಕೆಟ್ಟಿನಲ್ಲಿತ್ತು.
ನೀರು ಭದ್ರಾ ಹೊಳೆಯದೇ, ನಲ್ಲಿಯಲ್ಲಿ ಬಂದದ್ದು,
ಕ್ಲೋರಿನ್ ವಾಸನೆ ಇನ್ನೂ ಇತ್ತು.

ಹಿಮ ಬಿರಿಯುವ ಸದ್ದಿಗೆ ಉದ್ದಿನ ಹಪ್ಪಳ,
ಆಮ್ಲಜನಕ ಸೋರುವುದಕ್ಕೆ ಸೈಕಲ್ ಪಂಪು,
ಮೇಲಿನಿಂದ ಕೊರೆಯುತ್ತ ಬರುವ ಬೈರಿಗೆಗೆ
ಅರುಳಪ್ಪನವರ ಹೆಂಡತಿಯ ಹೊಲಿಗೆ ಮಷೀನು,
ಎರಡು ದಿನದ ಮಟ್ಟಿಗೆ ತಂದದ್ದು,
ಯಾರದೋ ಮದುವೆಯ ಎಂಟು ರವಿಕೆ ಬಾಕಿ ಬಿಟ್ಟು.

ಸಿಕ್ಕಿಬಿದ್ದ ನೌಕೆಯೊಳಗೆ ಹನ್ನೊಂದು ಜನ.
ನಾನು ಹನ್ನೊಂದನೆಯವನು.
ಹೊಟ್ಟೆಪಾಡಿಗೆ ಶಿವಮೊಗ್ಗ–ನಿಟ್ಟೂರು ಬಸ್ಸಿನ ಕಂಡಕ್ಟರು,
ಆಕಾಶವಾಣಿಯ ಲೆಕ್ಕದಲ್ಲಿ ಬಿ ದರ್ಜೆ ನಾಟಕ ಕಲಾವಿದ.
ನನ್ನ ಪಾಲಿಗೆ ನಾಲ್ಕು ಕೆಮ್ಮು, ಒಂದು ನಿಟ್ಟುಸಿರು,
ಕೊನೆಗೆ, ಬಾಗಿಲು ತೆರೆದ ಮೇಲೆ, ಒಂದು ಮಾತು:
"ಇಷ್ಟು ಬೆಳಕೇ!"
ಇದನ್ನೇ ಹದಿನೈದು ದಿನ
ಆಯನೂರು ದಾಟಿ, ರಿಪ್ಪನ್‌ಪೇಟೆ ಸರ್ಕಲ್ಲಿನಲ್ಲಿ,
ಚಿಲ್ಲರೆ ಎಣಿಸುತ್ತ ಅಭ್ಯಾಸ ಮಾಡಿದ್ದೆ.

ಒಳಗಿನವರ ಸಂಕೇತಕ್ಕೆ ಮಂದಾಕಿನಿ ಮೇಡಂ
ತಟ್ಟೆಗೆ ಚಮಚ ಬಡಿದು ತೋರಿಸಿದರು.
ಟಕ್ ಟಕ್ ಟಕ್ ಟಕ್ ಟಕ್.
ಅರುಳಪ್ಪ ತಲೆಯಾಡಿಸಿದರು. ಅಲ್ಲ.
ಚೀಲದಿಂದ ಕಾರ್ಖಾನೆ ಕಾಲದ ಪಾನಾ ತೆಗೆದು
ಮೊಳದುದ್ದ ಕೊಳವೆಗೆ ಮೂರೇ ಸಲ ಬಡಿದು
ಸುಮ್ಮನಾದರು.
ಸುಮ್ಮನೇ ಇದ್ದರು.
"ಮುಂದೆ?" ಅಂದರು ಮೇಡಂ ಗಾಜಿನಾಚೆಯಿಂದ.
"ಮುಂದೆ ಕೇಳಬೇಕಮ್ಮ. ಒಳಗಿರೋರು
ಬಡಿಯೋದು ಕಮ್ಮಿ, ಕೇಳೋದೇ ಜಾಸ್ತಿ."
ಎಲ್ಲಿ ಕಲಿತಿರಿ ಎಂದು ಯಾರೂ ಕೇಳಲಿಲ್ಲ.
ಅವರ ಎಡಗೈಯ ಎರಡು ಬೆರಳು ಅರ್ಧಕ್ಕೇ ನಿಂತಿವೆ,
ಅದನ್ನೂ ಕೇಳಿರಲಿಲ್ಲ.

"ಹದಿನೇಳು ಸೆಕೆಂಡು ಮೌನವೇ? ಡ್ಯೂಟಿ ರೂಮಿನವರು
ಪ್ರಸಾರ ಸತ್ತಿತೆಂದು ವೀಣೆ ಹಾಕಿಬಿಡ್ತಾರೆ."
"ವೀಣೆ ಬೇಡ ಅಂತ ಚೀಟಿ ಬರೆದಿಡಿ."
ಬರೆದಿಟ್ಟರು.

ಎಸಿ ಆರಿಸಿದರು. ಕುರ್ಚಿ ಕಿರುಗುಟ್ಟೀತೆಂದು
ಜಮಖಾನದ ಮೇಲೆ ಕೂತೆವು:
ಶಿಕಾರಿಪುರದ ಡ್ರಾಯಿಂಗ್ ಮೇಷ್ಟ್ರು, ಇಬ್ಬರು ವಿಮೆ ಏಜೆಂಟರು,
ಹಲ್ಲಿನ ಡಾಕ್ಟರ ಮಗಳು ಝೀನತ್,
ಮೂಗು ಕಟ್ಟಿದ್ದ ಕಪ್ತಾನ ಹಾಲಸ್ವಾಮಿ, ಉಳಿದವರು.
ಯಾರೂ ನಟಿಸಲಿಲ್ಲ.
ಅರವತ್ತು ಕೋಟಿ ಕಿಲೋಮೀಟರು ದೂರ ಕೂತು
ಹೊರಗೆ ಗೂಡ್ಸ್ ರೈಲು ಬಾರದಿರಲೆಂದು ಬೇಡಿಕೊಂಡೆವು, ಅಷ್ಟೆ.
ಹದಿನಾಲ್ಕನೆಯ ಸೆಕೆಂಡಿಗೆ ಬಕೆಟ್ಟಿನಲ್ಲಿ
ತಾನಾಗಿ ಒಂದು ಗುಳ್ಳೆ ಒಡೆಯಿತು.
ಅದನ್ನು ಹಾಗೇ ಉಳಿಸಿದರು.

ಪ್ರಸಾರದ ರಾತ್ರಿ ನನಗೆ ನಿಟ್ಟೂರಿನಲ್ಲಿ ಹಾಲ್ಟ್.
ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಡ್ರೈವರ್ ಡಾಕಪ್ಪ,
ಎದೆಯ ಮೇಲೆ ರೇಡಿಯೋ.
ಗುಡ್ಡ ಅಡ್ಡ ಬಂದಾಗೆಲ್ಲ ಮಂಡಕ್ಕಿ ಹುರಿದಂಥ ಸದ್ದು.
ಬಾಯಿಗಿಟ್ಟ ಬೀಡಿಗೆ ಬೆಂಕಿ ಕೊಡಲು ಮರೆತಿದ್ದ.
ಪಾನಾ ಮೂರು ಸಲ.
ಮೌನ.
ರೇಡಿಯೋ ಕೆಟ್ಟಿತೆಂದು ಅಲುಗಿಸಲಿಲ್ಲ ಅವನು.
ಎದ್ದು ಕೂತ. ಬಸ್ಸಿನ ತಗಡಿಗೆ
ಮೆಲ್ಲಗೆ, ತಾನೂ, ಮೂರು ಸಲ ಬಡಿದ.

ಹೊಲಿಗೆ ಮಷೀನು ಇಳಿದು ಬಂತು. ಬಾಗಿಲು. ಗಾಳಿ. ಅಳು.
ಒಬ್ಬೊಬ್ಬರ ಹೆಸರು ಕೂಗಿ ಮೇಲೆತ್ತಿಕೊಂಡರು.
ಆಮೇಲೆ ಕಲಾವಿದರ ಪಟ್ಟಿ. ಆಮೇಲೆ ನಾಳೆಯ ಕಾರ್ಯಕ್ರಮ ವಿವರ.

"ಕಂಡಕ್ಟ್ರೇ," ಅಂದ ಕತ್ತಲಲ್ಲಿ,
"ಹನ್ನೊಂದು ಟಿಕೀಟು ಇತ್ತಲ್ಲ,
ಇಳಿದದ್ದು ಹತ್ತೇ."

ಇಪ್ಪತ್ತೆಂಟೂವರೆ ನಿಮಿಷಕ್ಕೆ ಮುಗಿಯಬೇಕು ನಾಟಕ.
ಆ ಹದಿನೇಳು ಸೆಕೆಂಡು ಉಳಿಸಲು
ಬೇರೆಲ್ಲಾದರೂ ಕತ್ತರಿ ಹಾಕಲೇಬೇಕು.
ನನ್ನ ಬೆಳಕು ಹೋಗಿತ್ತು.
"ಲೆಕ್ಕ ಸರಿಯಿದೆ, ಮಲಗು" ಅಂದೆ.
ಮಗ್ಗುಲು ಬದಲಿಸುವುದು ಬಹಳ ಹೊತ್ತು ಕೇಳುತ್ತಿತ್ತು.

ಬೆಳಿಗ್ಗೆ ಐದೂ ನಲವತ್ತರ ಟ್ರಿಪ್ಪು.
ಹಾಲಿನ ಕ್ಯಾನು, ಇಬ್ಬರು ಹೆಂಗಸರು, ಒಂದು ಕೋಳಿ.
ಬಾಗಿಲೆಳೆದು ತಗಡಿಗೆ ಎರಡು ಸಲ ತಟ್ಟಿದೆ,
ದಿನದ ಹಾಗೆ, ರೈಟ್ ಅಂತ.
ಬಸ್ಸು ಹೊರಡಲಿಲ್ಲ.
ಎಂಜಿನ್ ಆರಿಸಿ ಡಾಕಪ್ಪ
ಕನ್ನಡಿಯಲ್ಲಿ ನನ್ನನ್ನೇ ನೋಡುತ್ತ
ಕಿವಿಗೊಟ್ಟು ಕೂತಿದ್ದ.

ಮೂರನೆಯದನ್ನೂ ತಟ್ಟಿದೆ.